ಜಟಾಯುವಿನ ಋಣ

॥ ಶ್ರೀ ಪಟ್ಟಾಭಿರಾಮಾಯ ನಮಃ ॥

ರಾಮನಗರದ ಶ್ರೀ ರಾಮದೇವರ ಬೆಟ್ಟಕ್ಕೆ ಬರುವ ಭಕ್ತಾದಿಗಳು ಮೆಟ್ಟಿಲು ಹತ್ತಿ, ಸ್ವಾಮಿಯ ದರ್ಶನ ಮಾಡಿ, ತೀರ್ಥಪ್ರಸಾದ ಸ್ವೀಕರಿಸಿ ಇಳಿಯುತ್ತಾರೆ. ಕಡಿದಾದ ಬಂಡೆಯ ಕಡೆ ತಲೆಯೆತ್ತಿ ನೋಡುವವರು ಮಾತ್ರ ಕಡಿಮೆ. ಆ ಬಂಡೆಯ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಇವತ್ತಿಗೂ ಗೂಡು ಕಟ್ಟುತ್ತವೆ. ಅವು ಜಟಾಯುವಿನ ಕುಲದವು.

ಜಟಾಯುವಿನ ಕಥೆ ಯಾರಿಗೆ ಗೊತ್ತಿಲ್ಲ? ಸೀತಾಮಾತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಮುದಿ ಹಕ್ಕಿಯೊಂದು ಅಡ್ಡಗಟ್ಟಿತು. ರೆಕ್ಕೆ ಕತ್ತರಿಸಿ ಹೋದರೂ, ರಾಮ ಬರುವ ತನಕ ಪ್ರಾಣ ಹಿಡಿದುಕೊಂಡಿತ್ತು. ಆದರೆ ವಾಲ್ಮೀಕಿ ರಾಮಾಯಣದಲ್ಲಿ ಇನ್ನೊಂದು ಸಂಗತಿಯಿದೆ, ಅದು ಬಹಳ ಜನರಿಗೆ ನೆನಪಿರೋದಿಲ್ಲ. ಮೈಯೆಲ್ಲ ರಕ್ತವಾಗಿದ್ದ ಹದ್ದನ್ನು ಕಂಡ ಕೂಡಲೇ ಶ್ರೀರಾಮನಿಗೇ ಸಂಶಯ ಬಂತು. ಸೀತೆಯನ್ನು ತಿಂದವನು ಇವನೇ ಎಂದು ಬಿಲ್ಲಿಗೆ ಬಾಣ ಹೂಡಿದ! ನಿಜ ತಿಳಿದ ಮೇಲೆ ಬಿಲ್ಲು ಬಿಸುಟು ಆ ಹಕ್ಕಿಯನ್ನು ತಬ್ಬಿಕೊಂಡು ಅತ್ತ. ಕಾಡಿನಲ್ಲಿದ್ದ ಕಾರಣ ಹೆತ್ತ ತಂದೆಯ ಚಿತೆಗೆ ಬೆಂಕಿಯಿಡಲಾಗದ ಮಗ, ತಂದೆಯ ಗೆಳೆಯನಾದ ಜಟಾಯುವಿಗೆ ತಾನೇ ಚಿತೆಯೊಟ್ಟಿ, ಗೋದಾವರಿಯಲ್ಲಿ ತರ್ಪಣ ಬಿಟ್ಟ.

ರಾಮನ ಸಂಶಯ ಒಂದು ಗಳಿಗೆಯದು. ಜನರ ಸಂಶಯ ಇನ್ನೂ ಹೋಗಿಲ್ಲ. ಹೆಣ ತಿನ್ನುವ ಹಕ್ಕಿ, ನೋಡಿದರೆ ಅಪಶಕುನ ಅಂತಾರೆ. ಊರಾಚೆ ಬಿದ್ದ ಸತ್ತ ದನವನ್ನು ಕೊಳೆತು ರೋಗ ಹರಡುವ ಮುಂಚೆ ತಿಂದು ಮುಗಿಸಿ, ಊರಿನ ಗಾಳಿ ನೀರನ್ನು ಶುದ್ಧವಾಗಿಟ್ಟವರು ಯಾರು? ಕೂಲಿ ಕೇಳದೆ ಮಾಡಿದ ಈ ಕೆಲಸ ಸೇವೆಯಲ್ಲವೇ?

ಈ ಹಕ್ಕಿಗೆ ಕುತ್ತು ಬಂದದ್ದು ವೈರಿಯಿಂದಲ್ಲ, ಗೋವಿನ ಮೇಲಿನ ಕರುಣೆಯಿಂದ. ನೋವಿನಿಂದ ನರಳುವ ಹಸುವಿಗೆ ಡೈಕ್ಲೊಫೆನಾಕ್ ಎಂಬ ಔಷಧ ಕೊಡುತ್ತಿದ್ದರು. ಆ ಹಸು ಸತ್ತಾಗ ಮಾಂಸದಲ್ಲಿ ಔಷಧ ಉಳಿದಿರುತ್ತಿತ್ತು. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. 1992ರಿಂದ 2007ರೊಳಗೆ ದೇಶದ ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ಸುಮಾರು 97 ಇಲ್ಲವಾದವು. ಕಾರಣ ಇದೇ ಔಷಧವೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2006ರಲ್ಲಿ ಸರ್ಕಾರ ಇದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಜನ ಮನುಷ್ಯರ ದೊಡ್ಡ ಬಾಟಲಿಯನ್ನೇ ತಂದು ದನಕ್ಕೆ ಚುಚ್ಚತೊಡಗಿದ್ದರಿಂದ, 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಇನ್ನೆರಡು ಔಷಧಗಳನ್ನು 2023ರಲ್ಲಿ ಪಶುಗಳಿಗೆ ನಿಷೇಧಿಸಿದರು.

2012ರಲ್ಲಿ ರಾಜ್ಯ ಸರ್ಕಾರ ಈ ಬೆಟ್ಟವನ್ನೂ ಸುತ್ತಲಿನ ಕಾಡನ್ನೂ ಸೇರಿಸಿ 346.41 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. ಆದರೂ ಇಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟೇ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿ ತಂದೆ ಇಬ್ಬರೂ ಸರದಿಯಂತೆ ಕಾವು ಕೊಡುತ್ತವೆ. ಕೂಗಾಟಕ್ಕೆ, ಪಟಾಕಿ ಸದ್ದಿಗೆ ಬೆದರಿ ಅವು ಗೂಡು ಬಿಟ್ಟೆದ್ದರೆ ಆ ವರ್ಷದ ಸಂತಾನವೇ ಹೋಯಿತು.

ಆದಕಾರಣ ಬೆಟ್ಟಕ್ಕೆ ಬರುವ ಭಕ್ತಾದಿಗಳು ರಾಮನಾಮವನ್ನು ಮೆಲುದನಿಯಲ್ಲಿ ಹೇಳಿಕೊಂಡರೆ ಸಾಕು, ಮನಸ್ಸಿನ ಕೂಗು ಸ್ವಾಮಿಗೆ ಕೇಳಿಸುತ್ತದೆ. ಮೈಕು, ಪಟಾಕಿ ಬೇಡ. ದಾರಿ ಬಿಟ್ಟು ಬಂಡೆ ಹತ್ತಬಾರದು. ಪ್ಲಾಸ್ಟಿಕ್ಕನ್ನು ತಂದವರೇ ವಾಪಸ್ ಒಯ್ಯಬೇಕು. ಮನೆಯಲ್ಲಿ ದನಕರು ಇರುವವರು ಪಶುವೈದ್ಯರನ್ನು ಕೇಳಿ, ಹದ್ದಿಗೆ ಕೇಡಿಲ್ಲದ ಮೆಲಾಕ್ಸಿಕ್ಯಾಮ್ ಬರೆಸಿಕೊಳ್ಳಬೇಕು. ಹಸುವಿನ ನೋವೂ ಹೋದೀತು, ಹದ್ದಿನ ಜೀವವೂ ಉಳಿದೀತು.

ಸೀತಾಮಾತೆಗಾಗಿ ಪ್ರಾಣ ಕೊಟ್ಟ ಹಕ್ಕಿಯ ಋಣವನ್ನು ಶ್ರೀರಾಮ ತರ್ಪಣ ಬಿಟ್ಟು ತೀರಿಸಿದ. ಆ ಕುಲಕ್ಕೆ ಇನ್ನೊಮ್ಮೆ ತರ್ಪಣ ಬಿಡುವ ಕಾಲ ಬಾರದಂತೆ ನೋಡಿಕೊಳ್ಳುವುದು ರಾಮಭಕ್ತರ ಪಾಲಿನ ಸೇವೆ. ಸ್ವಾಮಿಯು ಸಕಲರಿಗೂ, ಬಂಡೆಯ ಮೇಲಿನ ಆ ಸಂಸಾರಗಳಿಗೂ ಸನ್ಮಂಗಳವನ್ನುಂಟುಮಾಡಲಿ.

॥ ಶುಭಮಸ್ತು ॥