ದೀನಳ ಹೆಸರಿಗೆ ಕಾರಣ ಯಾಕಿಲ್ಲ?

  

ಎಲ್ಲರೂ ಬೈಬಲ್ ತೆಗೆಯಿರಿ. ಫೋನಲ್ಲಿ ಓದೋರು ಫೋನಲ್ಲೇ ತೆಗೆಯಿರಿ, ವಾಟ್ಸಾಪ್ ಮಾತ್ರ ಆಮೇಲೆ. ಆದಿಕಾಂಡ 29ನೇ ಅಧ್ಯಾಯ 31ನೇ ವಚನದಿಂದ 30ನೇ ಅಧ್ಯಾಯ 21ನೇ ವಚನದವರೆಗೆ. ಮನೆಗೆ ಹೋಗಿ ಪೂರ್ತಿ ಓದಿ. ಈಗ ಒಂದೇ ಒಂದು ವಿಷಯ ಗಮನಿಸಿ. ಲೇಯಳಿಗೆ ಒಬ್ಬೊಬ್ಬ ಗಂಡುಮಗ ಹುಟ್ಟಿದಾಗಲೂ ಅವಳು ಹೆಸರಿಡ್ತಾಳೆ, ಆ ಹೆಸರಿಗೆ ಒಂದು ಕಾರಣ ಹೇಳ್ತಾಳೆ. ಕೊನೆಗೆ ಒಂದು ಹೆಣ್ಣುಮಗು ಹುಟ್ಟುತ್ತೆ. ದೀನ ಅಂತ ಹೆಸರು. ಕಾರಣ? ಇಲ್ಲ. ಒಂದೇ ವಚನ, ಮುಗೀತು. ಯಾಕೆ?

ಈ ಪ್ರಶ್ನೆ ನನಗೆ ಬೈಬಲ್ ಕಾಲೇಜಲ್ಲಿ ಬಂದಿದ್ದಲ್ಲ, ಬಾಣಂತನದಲ್ಲಿ ಬಂದಿದ್ದು.

ನಿಮಗೆ ಗೊತ್ತು, ನಮ್ಮೂರು ಅತ್ತಿಗುಂಡಿ. ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿಗೆ ಹೋಗೋ ದಾರೀಲಿ ಸಿಗುತ್ತೆ. ನೀವು ವೀಕೆಂಡಲ್ಲಿ ಬೈಕ್ ನಿಲ್ಲಿಸಿ ಮಂಜಲ್ಲಿ ಫೋಟೋ ತೆಗೆಸ್ಕೊಳ್ತೀರಲ್ಲ, ಅದೇ. ಅದರ ಕೆಳಗೆ ಇಳಿಜಾರಿನ ಕಾಫಿ ತೋಟದಲ್ಲಿ ನಮ್ಮವ್ವ ಹಣ್ಣು ಬಿಡಿಸಿ ನಮ್ಮನ್ನ ಸಾಕಿದ್ದು. ಬೆಂಗಳೂರಲ್ಲಿ ಹೆರಿಗೆ ಆದ ಮೇಲೆ ಮಗೂನ ಎತ್ತಿಕೊಂಡು ನಾನು ಅಲ್ಲಿಗೇ ಹೋದೆ. ಜುಲೈ ತಿಂಗಳು. ಬಿಡದೆ ಮಳೆ. ಮಗುವಿನ ಬಟ್ಟೆ ಒಣಗೋದೇ ಇಲ್ಲ, ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಹಾಲು ಸರಿಯಾಗಿ ಇಳೀತಿಲ್ಲ, ಹೊಲಿಗೆ ನೋವು, ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಬೆಳಗಿನವರೆಗೂ ಮಲಗಲ್ಲ. ಎಲ್ಲರೂ ಕೇಳೋರು, ಖುಷಿನಾ? ಹೂಂ ಅಂತಿದ್ದೆ. ಒಳಗೆ ಖುಷಿ ಇರಲಿಲ್ಲ. ಇದನ್ನ ಈ ಮೈಕ್ ಮುಂದೆ ಹೇಳೋಕೆ ನನಗೆ ಎರಡು ವರ್ಷ ಹಿಡೀತು.

ಇನ್ನೊಂದು ವಿಷಯವನ್ನೂ ಇವತ್ತು ಅರಿಕೆ ಮಾಡ್ಕೊಳ್ತೀನಿ. ಐದನೇ ತಿಂಗಳಲ್ಲಿ ನಾನು ಮೂರು ದಿನ, ಮಧ್ಯಾಹ್ನದವರೆಗೆ, ಉಪವಾಸ ಪ್ರಾರ್ಥನೆ ಮಾಡಿದ್ದೆ. ಗಂಡುಮಗು ಕೊಡು ಕರ್ತನೇ ಅಂತ. ಒಂದು ಕೂಟದಲ್ಲಿ ಒಬ್ಬರು ತಲೆ ಮೇಲೆ ಕೈಯಿಟ್ಟು, ಗಂಡುಮಗುವೇ, ದೇವರು ತೋರಿಸಿದ್ದಾನೆ ಅಂದಿದ್ದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಹುಟ್ಟಿದ್ದು ಹೆಣ್ಣು. ಮಗೂನ ನೋಡೋಕೆ ಬಂದ ಒಬ್ಬ ಅಕ್ಕ ಮೆತ್ತಗೆ ಹೇಳಿದರು, ಎಲ್ಲೋ ನಂಬಿಕೆ ಕಡಿಮೆ ಆಯ್ತೇನೋ, ಮುಂದಿನ ಸಲ ಗಟ್ಟಿಯಾಗಿ ಪ್ರಾರ್ಥಿಸೋಣ. ಮಗು ನನ್ನ ತೊಡೆ ಮೇಲೇ ಇತ್ತು. ಅದರ ಎದುರಿಗೇ ಅದನ್ನ ನನ್ನ ಅಪನಂಬಿಕೆಯ ಫಲ ಮಾಡಿಬಿಟ್ಟರು.

ಯೋಚನೆ ಮಾಡಿ ಯೌವನಸ್ಥರೇ. ಗಂಡೋ ಹೆಣ್ಣೋ ಅನ್ನೋದು ಗರ್ಭ ನಿಲ್ಲುವ ಹೊತ್ತಿಗೇ ತೀರ್ಮಾನ ಆಗಿರುತ್ತೆ, ಅದೂ ತಂದೆ ಕಡೆಯಿಂದ ಬರುವ ಎಕ್ಸ್ ಅಥವಾ ವೈ ಕ್ರೋಮೋಸೋಮಿನಿಂದ. ಹಾಗಿದ್ದರೆ ಐದನೇ ತಿಂಗಳಲ್ಲಿ ನಾನು ಪ್ರಾರ್ಥಿಸುವಾಗ ನನ್ನ ಮಗಳು ಆಗಲೇ ಒಳಗಿದ್ದಳು. ಅವಳಿರುವಾಗಲೇ, ಅವಳ ಪರವಾಗಿ ಅಂದುಕೊಂಡು, ಇವಳು ಬೇಡ, ಬೇರೆ ಮಗು ಕೊಡು ಅಂತ ನಾನು ದೇವರನ್ನ ಕೇಳ್ತಿದ್ದೆ.

2023ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದ ಪ್ರಕರಣ ನೆನಪಿದೆಯಾ? ಬೆಂಗಳೂರು ಪೊಲೀಸರು ಒಂದು ಭ್ರೂಣಹತ್ಯೆ ಜಾಲ ಹಿಡಿದರು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡ್ತಿದ್ದರು. ಬೆಲ್ಲ ಕಾಯಿಸೋ ಜಾಗದಲ್ಲಿ ಗಂಡೋ ಹೆಣ್ಣೋ ಅಂತ ನೋಡೋದು. ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲೇ ಕಾನೂನು ಬಂದಿದೆ. ಸುದ್ದಿ ನೋಡಿ ನಾವೆಲ್ಲ ಛೇ ಅಂದ್ವಿ. ಪ್ರಾರ್ಥನೆ ಮಾಡೋದೂ ಕೊಲ್ಲೋದೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಆ ಮೆಷಿನ್ ಮುಂದೆ ಕೇಳಿದ ಪ್ರಶ್ನೆಯನ್ನೇ ನಾವು ಮೊಣಕಾಲೂರಿ ಕೇಳ್ತಿದ್ದೇವಾ? ಗಂಡು ಹುಟ್ಟಿದ್ರೆ ಸಾಕ್ಷಿ, ಸಭೆಗೆಲ್ಲ ಸ್ವೀಟು. ಹೆಣ್ಣು ಹುಟ್ಟಿದ್ರೆ, ಪರವಾಗಿಲ್ಲ, ಅದೂ ದೇವರ ಚಿತ್ತ. ಆ "ಪರವಾಗಿಲ್ಲ"ವನ್ನ ಒಂದು ಹೆಣ್ಣುಮಗು ಜೀವನಪೂರ್ತಿ ಕೇಳಿಸಿಕೊಳ್ಳುತ್ತೆ.

ಯಾರೋ ಕೇಳಬಹುದು, ಸಿಸ್ಟರ್, ಹನ್ನಳು ಗಂಡುಮಗು ಬೇಕು ಅಂತಲೇ ಕೇಳಲಿಲ್ವಾ? ಒಳ್ಳೇ ಪ್ರಶ್ನೆ. 1 ಸಮುವೇಲ ಒಂದನೇ ಅಧ್ಯಾಯ. ಹನ್ನಳು ಕೇಳಿದ್ದು ಗರ್ಭ ಧರಿಸೋ ಮುಂಚೆ. ಕೇಳಿದ್ದು ದೇವರಿಗೇ ತಿರುಗಿ ಕೊಡೋದಕ್ಕೆ. ಮುಖ್ಯವಾದ್ದು 18ನೇ ವಚನ: ಪ್ರಾರ್ಥನೆ ಮುಗಿಸಿ ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖದಲ್ಲಿ ದುಃಖ ಇರಲಿಲ್ಲ. ಆಗಿನ್ನೂ ಸಮುವೇಲ ಇಲ್ಲ! ಅವಳ ಅವಮಾನವನ್ನ ದೇವರು ಮಗುವಿಗಿಂತ ಮುಂಚೆ ತೆಗೆದುಹಾಕಿದ. ಮಗುವಿನ ಹೆಗಲ ಮೇಲೆ ಅದನ್ನ ಇಡಲಿಲ್ಲ. ಹಲ್ಲೆಲೂಯಾ!

ಈಗ ಲೇಯಳನ್ನ ನೋಡಿ. ರೂಬೇನ್ ಹುಟ್ಟಿದಾಗ, ಇನ್ನು ಗಂಡ ನನ್ನನ್ನ ಪ್ರೀತಿಸ್ತಾನೆ ಅಂದಳು. ಲೇವಿ ಹುಟ್ಟಿದಾಗ, ಮೂವರನ್ನ ಹೆತ್ತೆ, ಇನ್ನು ಹತ್ತಿರ ಬರ್ತಾನೆ. ಆರನೇ ಮಗ ಜೆಬುಲೋನ್ ಹುಟ್ಟಿದಾಗಲೂ ಅದೇ ಆಸೆ. ಆರು ಗಂಡುಮಕ್ಕಳು! ಆದ್ರೂ ಅವಳ ಕೊರತೆ ತುಂಬಲಿಲ್ಲ. ಯೆಹೂದನ ಹೊತ್ತಲ್ಲಿ ಮಾತ್ರ ಗಂಡನ ಹೆಸರೆತ್ತದೆ ದೇವರನ್ನ ಸ್ತುತಿಸಿದಳು. ಪಾಪ, ಆ ರೂಬೇನನ ಸ್ಥಿತಿ ನೋಡಿ. ಆಟಕ್ಕೆ ಕರೆದಾಗಲೂ ಅವನ ಹೆಸರಲ್ಲಿ ಅಮ್ಮನ ಸಂಕಟ. ನಮ್ಮ ಗಂಡುಹುಡುಗರ ಕಥೆಯೂ ಇದೇ ತಾನೇ? ಅಳಬೇಡ, ನೀನು ಗಂಡಸು. ಮನೆ ಸಾಲ ನೀನೇ ತೀರಿಸಬೇಕು. ಇಲ್ಲಿ ಕೂತಿರೋ ತಮ್ಮಂದಿರಲ್ಲಿ ಎಷ್ಟು ಜನ ಈ ಭಾರ ಹೊತ್ತುಕೊಂಡೇ ಬೆಂಗಳೂರಿಗೆ ಬಂದಿದ್ದೀರಿ, ನನಗೆ ಗೊತ್ತು.

ಹಾಗಾಗಿ ನನಗೆ ತೋಚಿದ್ದು ಇಷ್ಟು. ಗಂಡಿನ ಮೇಲೆ ಲೆಕ್ಕಕ್ಕಿಂತ ಹೆಚ್ಚು ಹೊರಿಸಿದರು, ಹೆಣ್ಣನ್ನ ಲೆಕ್ಕಕ್ಕೇ ಇಡಲಿಲ್ಲ. 34ನೇ ಅಧ್ಯಾಯದಲ್ಲಿ ದೀನಳಿಗೆ ಅನ್ಯಾಯ ಆದಾಗ ಎಲ್ಲರೂ ಮಾತಾಡ್ತಾರೆ, ಅವಳ ಒಂದು ಮಾತೂ ದಾಖಲಾಗಿಲ್ಲ. ಎರಡು ಕಡೆಯೂ ತಪ್ಪು ಒಂದೇ. ಮಗುವನ್ನ ಮಗುವಾಗಿ ಯಾರೂ ನೋಡಲಿಲ್ಲ. ಆದರೆ ಯೋಬನ ಪುಸ್ತಕದ ಕೊನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಹುಟ್ಟಿದ ಏಳು ಗಂಡುಮಕ್ಕಳ ಹೆಸರಿಲ್ಲ, ಮೂವರು ಹೆಣ್ಣುಮಕ್ಕಳ ಹೆಸರಿದೆ. ಅಣ್ಣತಮ್ಮಂದಿರ ಜೊತೆ ಅವರಿಗೂ ಆಸ್ತಿ ಕೊಟ್ಟ ಅಂತ ಬರೆದಿದೆ. ಎಲ್ಲವನ್ನೂ ಕಳೆದುಕೊಂಡವನಿಗೆ ಮಕ್ಕಳ ಬೆಲೆ ಗೊತ್ತಾಗಿತ್ತು.

ಅತ್ತಿಗುಂಡಿಯ ಒಂದು ರಾತ್ರಿ ಹೇಳಿ ಮುಗಿಸ್ತೀನಿ. ಮಗು ಅಳ್ತಿತ್ತು, ನಾನೂ ಅಳ್ತಿದ್ದೆ. ಅವ್ವ ಎದ್ದು ಬಂದಳು. "ಅವ್ವಾ, ನಾನು ಕೆಟ್ಟ ತಾಯಿ" ಅಂದೆ. ಅವಳು ಒಲೆ ಕೆದಕುತ್ತಾ ಹೇಳಿದಳು, "ಮೂರನೇದು ನೀನೂ ಹೆಣ್ಣು ಅಂದಾಗ ನಾನೂ ಅತ್ತಿದ್ದೆ ಕಣೇ. ನೀನು ಬೇಡ ಅಂತಲ್ಲ. ಲೈನ್ ಮನೇಲಿ ಮುಖ ಹೆಂಗೆ ತೋರ್ಸೋದು ಅಂತ. ತಿಂಗಳು ಕಳೆದ ಮೇಲೆ ಹಣ್ಣು ಬಿಡಿಸೋಕೆ ಹೋದೆ, ನಿನ್ನ ಮರಕ್ಕೆ ಜೋಲಿ ಕಟ್ಟಿದ್ದೆ. ಸಂಜೆ ರೈಟರು ಹಣ್ಣು ತೂಗಿದ ಮೇಲೆ ಅದೇ ತಕ್ಕಡೀಲಿ ನಿನ್ನನ್ನೂ ಇಟ್ಟು ತೂಗಿ ನಕ್ಕರು. ಅವತ್ತು ನಾನೂ ನಕ್ಕೆ. ಆಮೇಲೆ ಅಳು ಬರಲಿಲ್ಲ."

ಪ್ರಾರ್ಥನೆ ಮಾಡವ್ವಾ ಅಂದೆ. "ಬೆಳಿಗ್ಗೆ ಮಾಡೋಣ. ಈಗ ಒಂದು ಲೋಟ ಗಂಜಿ ಕುಡಿದು ಮಲ್ಕೋ" ಅಂತ ಮಗೂನ ಎತ್ತಿಕೊಂಡು ಹೋದಳು. 1 ಅರಸುಗಳು 19ರಲ್ಲಿ ಸಾಯಬೇಕು ಅಂದ ಎಲೀಯನಿಗೆ ದೂತನು ಮೊದಲು ಬೋಧನೆ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗೋಕೆ ಬಿಟ್ಟ. ನಮ್ಮವ್ವ ಆ ಅಧ್ಯಾಯ ಓದಿರಲಿಲ್ಲ, ಅವಳಿಗೆ ಓದೋಕೆ ಬರಲ್ಲ.

ಹಾಗಾಗಿ ಬಾಣಂತಿಯನ್ನ ನೋಡೋಕೆ ಹೋದಾಗ ಯಾವ ಮಗು ಅಂತ ಶುರು ಮಾಡಬೇಡಿ. ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳಿ. ಸಹೋದರರೇ, ಮದುವೆಯಾದ ಮೇಲೆ ರಾತ್ರಿ ಪಾಳಿಯಲ್ಲಿ ನಿಮ್ಮದೂ ಅರ್ಧ ಇರಲಿ. ಎರಡು ವಾರ ಕಳೆದರೂ ತಾಯಿಯ ಅಳು, ಭಯ ನಿಲ್ಲದಿದ್ದರೆ ಅದು ಅಪನಂಬಿಕೆ ಅಲ್ಲ, ದೆವ್ವವೂ ಅಲ್ಲ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ತನಗೋ ಮಗುವಿಗೋ ಏನಾದ್ರೂ ಮಾಡಿಕೊಳ್ಳೋ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಕರೆ ಮಾಡಬಹುದು. ಪ್ರಾರ್ಥನೆಯನ್ನೂ ಬಿಡಬೇಡಿ, ಎರಡೂ ಇರಲಿ. ಇನ್ನು ಮೇಲೆ ನಮ್ಮ ಪ್ರಾರ್ಥನಾ ವಿನಂತಿ ಚೀಟಿಯಲ್ಲಿ ಗಂಡುಮಗುವಿಗಾಗಿ ಅಂತ ಬರೆಯೋದು ಬೇಡ. ಒಳಗಿರೋ ಮಗುವಿಗಾಗಿ ಅಂತ ಬರೆಯಿರಿ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ನಾಚಿಕೆಯನ್ನ ನೀನು ಹೊತ್ತಿದ್ದೀ, ಅದನ್ನ ನಮ್ಮ ಮಕ್ಕಳ ಮೇಲೆ ನಾವು ಹೊರಿಸದ ಹಾಗೆ ಕಾಪಾಡು. ನನ್ನ ಮಗಳು ಹುಟ್ಟೋ ಮುಂಚೆ ನಾನು ಬೇಡ ಅಂದದ್ದನ್ನ ಕ್ಷಮಿಸು. ಈ ರಾತ್ರಿ ಎಚ್ಚರವಾಗಿರೋ ಪ್ರತಿಯೊಬ್ಬ ತಾಯಿಗೂ ಒಂದು ಲೋಟ ಗಂಜಿ ಕೊಡುವ ಕೈಯನ್ನ ಕಳಿಸು. ಆ ಕೈ ನಮ್ಮದಾಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.