ವಾಲಿಯ ಮಡದಿ ತಾರೆ

ಹಿತವನ್ನು ಬಲ್ಲವರು ಅದನ್ನು ನುಡಿಯಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ಕೇಳತಕ್ಕವನು ಬಲಿಷ್ಠನೂ ಕುಪಿತನೂ ಆಗಿರುವಾಗ ಎಷ್ಟನ್ನು ನುಡಿಯಬೇಕು? ಅವನ ಕಿವಿಗೆ ಸಲ್ಲುವಷ್ಟನ್ನೇ, ಅಥವಾ ತಾನು ಬಲ್ಲ ಸತ್ಯವೆಲ್ಲವನ್ನೂ? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ ಕಿಷ್ಕಿಂಧೆಯ ತಾರೆಗಿಂತ ತಕ್ಕ ಪಾತ್ರವು ದೊರೆಯುವುದು ದುರ್ಲಭ.

ಕೊಪ್ಪಳ ಸೀಮೆಯವರಿಗೆ ತಾರೆಯು ಪರಕೀಯಳಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಣ ಬೆಟ್ಟಗಳೇ ಕಿಷ್ಕಿಂಧೆಯೆಂಬುದು ನಾಡಿನ ನಂಬಿಕೆ. ಕುಷ್ಟಗಿ, ಯಲಬುರ್ಗಿಗಳಿಂದ ಅಂಜನಾದ್ರಿಗೆ ಬರುವ ಯಾತ್ರಿಕರು ವಾಲಿಯ ಕಿಲ್ಲೆಯನ್ನೂ, ರಾಮನು ಬಾಣವನ್ನು ಬಿಟ್ಟನೆಂದು ಹೇಳುವ ಚಿಂತಾಮಣಿಯ ಗವಿಯನ್ನೂ ನೋಡುವುದುಂಟು. ತುಂಗಭದ್ರೆಯ ದಕ್ಷಿಣಕ್ಕೆ ನಿಂಬಾಪುರದಲ್ಲಿರುವ ಬೂದಿದಿಬ್ಬವನ್ನು ಪುರಾತತ್ತ್ವಜ್ಞರು ನವಶಿಲಾಯುಗದ್ದೆಂದು ಹೇಳಿದರೂ, ಜನರು ಅದನ್ನು ವಾಲಿಯ ಚಿತಾಭಸ್ಮವೆಂದೇ ತೋರಿಸುವರು. ವಾಲಿಯ ಮರಣವು ಈ ನೆಲದಲ್ಲಿ ಇಂದಿಗೂ ಹೀಗೆ ಗುರುತುಳ್ಳದ್ದಾಗಿದೆ.

ಆ ಮರಣವನ್ನು ನಾಟಕವಾಗಿ ಕಾಣಿಸಿದ ಕೃತಿ ಅಭಿಷೇಕನಾಟಕ. ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ೧೯೧೨ರಿಂದ ಮೊದಲ್ಗೊಂಡು ಭಾಸನ ಹೆಸರಿನಲ್ಲಿ ಪ್ರಕಟಿಸಿದ ೧೩ ರೂಪಕಗಳಲ್ಲಿ ಇದೂ ಒಂದು. ಇವೆಲ್ಲವೂ ಭಾಸನವೇ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಮತಭೇದವುಂಟು. ನಾಟಕವು ಪಟ್ಟಾಭಿಷೇಕದ ಮಂಗಳದಲ್ಲಿ ಮುಗಿಯುವುದಾದರೂ ಅದರ ಪ್ರಥಮಾಂಕವು ತಾನೇ ಒಂದು ಪೂರ್ಣ ದುರಂತವಾಗಿದೆ. ರಂಗದ ಮೇಲೆ ಮರಣವನ್ನು ತೋರಿಸಬಾರದೆಂಬ ಲಾಕ್ಷಣಿಕರ ನಿಯಮವನ್ನು ಮೀರಿ, ಕವಿಯು ವಾಲಿಯ ಪ್ರಾಣೋತ್ಕ್ರಮಣವನ್ನು ಪ್ರೇಕ್ಷಕರ ಎದುರಿಗೇ ತಂದಿರುವನು.

ಅಲ್ಲಿ ತಾರೆಗೆ ದೊರೆತಿರುವ ಮಾತುಗಳು ಬಹು ಸ್ವಲ್ಪ. ಸುಗ್ರೀವನು ಅಲ್ಪಕಾರಣಕ್ಕೆ ಯುದ್ಧಕ್ಕೆ ಕರೆಯುವವನಲ್ಲ, ಅಮಾತ್ಯರೊಡನೆ ಆಲೋಚಿಸಿ ಹೊರಡಬೇಕೆಂದು ಅವಳು ಬೇಡಿಕೊಳ್ಳುವಳು. ವಾಲಿಯು ತನ್ನ ಭುಜಬಲವನ್ನು ಕೊಂಡಾಡಿಕೊಂಡು ಅವಳನ್ನು ಒಳಗೆ ಹೋಗೆನ್ನುವನು. ಅವಳು ತನ್ನ ಮಂದಭಾಗ್ಯವನ್ನು ನೆನೆದು ಹೊರಟುಹೋಗುವಳು. ಬಾಣವು ತಗುಲಿ ಬಿದ್ದ ಮೇಲೆ, ಈ ಅವಸ್ಥೆಯಲ್ಲಿ ತನ್ನನ್ನು ಕಾಣದಂತೆ ಅಂತಃಪುರದ ಸ್ತ್ರೀಯರನ್ನು ತಡೆಯಬೇಕೆಂದು ವಾಲಿಯೇ ಆಜ್ಞಾಪಿಸುವನು. ಇದೇ ಕವಿಯದೆನ್ನಲಾದ ಊರುಭಂಗದಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಮಡದಿಯರು ಬರುವರು. ಅಭಿಷೇಕದಲ್ಲಾದರೋ ತಾರೆಗೆ ಆ ಅವಕಾಶವೂ ಇಲ್ಲ. ಹಿತವನ್ನು ಹೇಳಿದವಳನ್ನು ಒಳಕ್ಕೆ ಕಳುಹಿದ ದೊರೆಯು, ಅದನ್ನು ಕೇಳದುದರ ಫಲವನ್ನು ಅವಳಿಗೆ ತೋರಗೊಡಲಿಲ್ಲ.

ನಾಟಕವು ಬಿಟ್ಟ ಭಾಗವನ್ನು ಆದಿಕವಿಯ ಕಿಷ್ಕಿಂಧಾಕಾಂಡವು ತುಂಬಿಕೊಡುವುದು. ಅಲ್ಲಿ ತಾರೆಯ ಹಿತವಚನವು ದೀರ್ಘವಾದುದು. ಈಗತಾನೆ ಸೋತು ಓಡಿದವನು ಮರಳಿ ಗರ್ಜಿಸುತ್ತಿರುವನೆಂದರೆ ಅವನಿಗೆ ಸಹಾಯಕನಿರಬೇಕು. ಅಯೋಧ್ಯೆಯ ರಾಜಕುಮಾರರಿಬ್ಬರು ಅವನಿಗೆ ನೆರವಾಗಿರುವರೆಂದು ಅಂಗದನು ಚಾರರ ಮುಖದಿಂದ ತಿಳಿದಿರುವನು. ಆದುದರಿಂದ ತಮ್ಮನೊಡನೆ ಸಂಧಿ ಮಾಡಿಕೊಂಡು ಅವನಿಗೆ ಯೌವರಾಜ್ಯವನ್ನು ಕೊಡುವುದು ಲೇಸು. ರಾಜನೀತಿಯ ದೃಷ್ಟಿಯಿಂದ ಇದರಲ್ಲಿ ಕೊರತೆಯೇ ಇಲ್ಲ. ಆದರೆ ಒಂದು ಹೆಸರು ಮಾತ್ರ ಈ ಮಾತಿನಲ್ಲಿ ಬಾರದು. ಅದು ರುಮೆಯ ಹೆಸರು. ಸುಗ್ರೀವನ ಮಡದಿಯಾದ ರುಮೆಯನ್ನು ವಾಲಿಯು ಅಪಹರಿಸಿ ತನ್ನ ಅಂತಃಪುರದಲ್ಲಿಯೇ ಇರಿಸಿಕೊಂಡಿದ್ದನು.

ತಾರೆಗೆ ಆ ಅಧರ್ಮವು ತಿಳಿಯದುದಾಗಿರಲಿಲ್ಲ. ಬಾಣ ತಗುಲಿ ಬಿದ್ದ ಗಂಡನ ಬಳಿಯಲ್ಲಿ ಗೋಳಿಡುವಾಗ ಅವಳೇ ಅದನ್ನು ಹೊರಗೆಡಹುವಳು: ತಮ್ಮನ ಹೆಂಡತಿಯನ್ನು ಹರಿಸಿ ಅವನನ್ನು ನಾಡಿನಿಂದ ಅಟ್ಟಿದುದರ ಫಲವಿದೆಂದು. ಬದುಕಿದ್ದ ಗಂಡನಿಗೆ ಅವಳು ಅಪಾಯವನ್ನು ಹೇಳಿದಳು. ಸಾಯುತ್ತಿದ್ದ ಗಂಡನಿಗೆ ಅಪರಾಧವನ್ನು ಹೇಳಿದಳು. ಅವಳ ಪಾತ್ರದ ಗಹನತೆಯೆಲ್ಲವೂ ಈ ಎರಡು ಮಾತುಗಳ ನಡುವಣ ಅಂತರದಲ್ಲಿದೆ.

ಇದನ್ನು ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ. ಅಪರಾಧವನ್ನೆತ್ತಿ ಆಡಿದರೆ ದೊರೆಯು ಕೆರಳಿ, ಅಪಾಯದ ಮಾತನ್ನೂ ಕೇಳದೆ ಹೋದಾನೆಂದು ಅವಳು ಎಣಿಸಿದ್ದರೆ ಅದು ವಿವೇಕವೇ ಸರಿ. ಆದರೆ ಧರ್ಮವನ್ನು ಬದಿಗಿರಿಸಿ ಹೇಳಿದ ನೀತಿಯನ್ನೂ ವಾಲಿಯು ಕೇಳಲಿಲ್ಲ. ಮರಣಕಾಲದಲ್ಲಿ ಮಾತ್ರ ಅವನು ಸುಗ್ರೀವನನ್ನು ಕರೆದು, ಸುಷೇಣನ ಮಗಳಾದ ಈ ತಾರೆಯು ಸೂಕ್ಷ್ಮಾರ್ಥಗಳ ನಿರ್ಣಯದಲ್ಲಿ ನಿಪುಣೆ, ಇವಳು ಹೇಳಿದುದನ್ನು ಸಂಶಯಪಡದೆ ಮಾಡೆಂದು ಉಪದೇಶಿಸಿದನು. ತಾನು ಕೇಳದ ಬುದ್ಧಿಯನ್ನು ತಮ್ಮನಿಗೆ ಬಳುವಳಿಯಾಗಿ ಬಿಟ್ಟುಹೋದನು.

ಅನಂತರದ ತಾರೆಯನ್ನು ಆಕ್ಷೇಪಿಸುವವರುಂಟು. ಗಂಡನನ್ನು ಕೊಲ್ಲಿಸಿದವನ ಮನೆಯಲ್ಲಿ ಅವಳು ಹೇಗೆ ಬಾಳಿದಳೆಂಬುದು ಅವರ ಪ್ರಶ್ನೆ. ತನ್ನನ್ನೂ ಅದೇ ಬಾಣದಿಂದ ಕೊಲ್ಲೆಂದು ಅವಳು ರಾಮನನ್ನು ಬೇಡಿದುದನ್ನು ಅವರು ಮರೆಯಬಾರದು. ಅಂಗದನಿಗೆ ಪಟ್ಟಗಟ್ಟಬೇಕೆಂಬ ಮಾತು ಬಂದಾಗ, ಆ ವಿಷಯದಲ್ಲಿ ಅಧಿಕಾರವು ಅವನ ಚಿಕ್ಕಪ್ಪನದೇ ಹೊರತು ತನ್ನದಲ್ಲವೆಂದಳು. ಅವಳು ಬೇರೆ ಬಗೆಯಾಗಿ ನುಡಿದಿದ್ದರೆ ವಾನರರಾಜ್ಯವು ಎರಡಾಗಿ ಹರಿದುಹೋಗುತ್ತಿದ್ದಿತು.

ಮಳೆಗಾಲ ಕಳೆದರೂ ಕೊಟ್ಟ ಮಾತನ್ನು ನಡೆಸದ ಸುಗ್ರೀವನ ಮೇಲೆ ಲಕ್ಷ್ಮಣನು ಕ್ರುದ್ಧನಾಗಿ ಬಂದಾಗ ಎದುರುಗೊಂಡವಳೂ ತಾರೆಯೇ. ಈ ಸಲ ಅವಳು ಅರ್ಧವನ್ನು ಮರೆಸಲಿಲ್ಲ. ಸುಗ್ರೀವನು ಕಾಮವಶನಾಗಿ ನಾಚಿಕೆ ತೊರೆದುದನ್ನು ಮೊದಲು ಒಪ್ಪಿಕೊಂಡು, ಬಳಿಕ ಕ್ಷಮೆಯನ್ನು ಬೇಡಿದಳು. ಸೇನೆಯನ್ನು ಕೂಡಿಸಲು ಆಜ್ಞೆಯಾಗಿರುವುದನ್ನೂ ತಿಳಿಸಿದಳು. ಆ ಕೋಪವು ಶಾಂತವಾಯಿತು; ಸೀತಾನ್ವೇಷಣೆಯು ಮುಂದುವರಿಯಿತು. ಅಹಲ್ಯೆ, ದ್ರೌಪದಿ, ಮಂಡೋದರಿಯರ ಸಾಲಿನಲ್ಲಿ ಪ್ರಾತಃಸ್ಮರಣೀಯಳೆಂದು ಪರಂಪರೆಯು ಅವಳನ್ನು ಎಣಿಸುವುದು ನಿಷ್ಕಾರಣವಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಸತ್ಯವೆಲ್ಲವನ್ನೂ ನುಡಿದಿದ್ದರೂ ವಾಲಿಯು ಉಳಿಯುತ್ತಿರಲಿಲ್ಲವೇನೋ. ಆದರೆ ಸತ್ಯವು ಕೇಳುವವನೊಬ್ಬನಿಗೇ ಸಲ್ಲತಕ್ಕ ಋಣವಲ್ಲ. ಅನ್ಯಾಯವನ್ನುಂಡವರಿಗೂ ಅದು ಸಲ್ಲಬೇಕು. ತಾರೆಯ ಹಿತವಚನವು ವಾಲಿಯ ಪ್ರಾಣವನ್ನು ನೆನೆಯಿತು, ರುಮೆಯ ಬಾಳನ್ನು ನೆನೆಯಲಿಲ್ಲ. ಮನೆಯ ಯಜಮಾನನ ಮನಸ್ಸು ನೋಯದಂತೆ ಹಿತವನ್ನಾಡುವ ಜಾಣ್ಮೆಯು ಅನೇಕ ಗೃಹಗಳಲ್ಲಿ ಉಂಟು. ಅದರಿಂದ ಎಷ್ಟೋ ಸಂಸಾರಗಳು ಉಳಿದಿರುವುದೂ ಉಂಟು. ಅಂತಹ ಮಾತನ್ನಾಡುವಾಗ ಒಳಗೋಣೆಯಲ್ಲಿ ರುಮೆಯಂತಹವಳೊಬ್ಬಳು ಇರುವಳೇ ಎಂದು ಒಮ್ಮೆ ನೋಡಿಕೊಳ್ಳುವುದು ಹಿತವನ್ನು ಬಲ್ಲವರ ಕರ್ತವ್ಯ.