ಆಟಿಕೆಯಲ್ಲೂ ಗಂಡು-ಹೆಣ್ಣೆಂಬ ಭೇದವೇಕೆ?



ಪ್ರಭು ಯೇಸು ಪೇಟೆಬೀದಿಯಲ್ಲಿ ಆಡುವ ಮಕ್ಕಳನ್ನು ಗಮನಿಸಿ ನೋಡಿದವರು. ಕೊಳಲೂದಿ ಕುಣಿಯುವ ಆಟವನ್ನೂ ಸತ್ತವರಿಗಾಗಿ ಗೋಳಾಡುವ ಆಟವನ್ನೂ ಅವರು ಬಲ್ಲವರಾಗಿದ್ದರು. ಆ ಮಕ್ಕಳ ಮಾತನ್ನೇ ಎತ್ತಿಕೊಂಡು ಹಿರಿಯರಿಗೆ ಬುದ್ಧಿ ಹೇಳಿದರು (ಲೂಕ 7:32). ಹಿರಿಯರು ಬದುಕಿನಲ್ಲಿ ಮಾಡುವುದನ್ನು ಮಕ್ಕಳು ಆಟದಲ್ಲಿ ಮಾಡಿ ನೋಡುತ್ತಾರೆ. ಹೀಗೆ ಆಟವೇ ಮಗುವಿನ ಮೊದಲ ಶಾಲೆ. ಪ್ರವಾದಿ ಜೆಕರ್ಯನೂ ಹಾಳುಬಿದ್ದ ಜೆರುಸಲೇಮ್ ಮತ್ತೆ ನೆಮ್ಮದಿ ಕಾಣುವ ದಿನವನ್ನು ವರ್ಣಿಸುವಾಗ, ಅದರ ಬೀದಿಗಳ ತುಂಬ ಹುಡುಗರೂ ಹುಡುಗಿಯರೂ ಆಡುವರೆಂದು ಸಾರುತ್ತಾನೆ (ಜೆಕರ್ಯ 8:5). ಹುಡುಗರಿಗೊಂದು ಬೀದಿ, ಹುಡುಗಿಯರಿಗೊಂದು ಬೀದಿ ಎಂದು ಅವನು ಹೇಳಲಿಲ್ಲ.

ಈ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಆಟಿಕೆ ಅಂಗಡಿಯೊಳಕ್ಕೆ ಕಾಲಿಡೋಣ. ಅದು ತುಮಕೂರಿನ ಎಂ.ಜಿ. ರಸ್ತೆಯಲ್ಲಿರಬಹುದು, ಗುಬ್ಬಿಯ ಪೇಟೆಯಲ್ಲಿರಬಹುದು, ಕುಣಿಗಲ್ಲಿನಲ್ಲಿರಬಹುದು. ಮಗುವಿನ ಹುಟ್ಟುಹಬ್ಬಕ್ಕೋ ಕ್ರಿಸ್ಮಸ್ಸಿಗೋ ಏನಾದರೂ ಕೊಡಿ ಎಂದರೆ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ, "ಗಂಡು ಮಗುಗಾ, ಹೆಣ್ಣು ಮಗುಗಾ?" ಎರಡನೆಯದು, "ಎಷ್ಟು ವರ್ಷ?" ಆ ಮಗುವಿಗೆ ಯಾವುದರಲ್ಲಿ ಆಸೆ, ಅದರ ಕೈ ಯಾವುದರಲ್ಲಿ ಚುರುಕು ಎಂದು ಯಾರೂ ಕೇಳುವುದಿಲ್ಲ. ಉತ್ತರ ಬಂದೊಡನೆ ಕೈ ಒಂದು ಗೋಡೆಯ ಕಡೆಗೆ ಹೋಗುತ್ತದೆ. ಒಂದು ಗೋಡೆಯಲ್ಲಿ ಕಾರು, ಜೆಸಿಬಿ, ಹೆಲಿಕಾಪ್ಟರ್, ಕ್ರಿಕೆಟ್ ಬ್ಯಾಟು, ಗನ್ನು. ಇನ್ನೊಂದು ಗೋಡೆಯಲ್ಲಿ ಗೊಂಬೆ, ಕಿಚನ್ ಸೆಟ್ಟು, ಮೇಕಪ್ ಸೆಟ್ಟು. ಅಲ್ಲೆಲ್ಲ ಗುಲಾಬಿ ಬಣ್ಣದ ಡಬ್ಬಿಗಳು. ಡಬ್ಬಿಯ ಮೇಲಿನ ಚಿತ್ರವೂ ಹಾಗೆಯೇ. ಗಾಡಿ ಓಡಿಸುವವನು ಹುಡುಗ, ಒಲೆಯ ಮುಂದೆ ನಿಂತವಳು ಹುಡುಗಿ. ಅಕ್ಷರ ಬಾರದ ಮಗುವೂ ಆ ಚಿತ್ರವನ್ನು ಓದಿಕೊಳ್ಳುತ್ತದೆ.

ಅಂಗಡಿಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕಂಪನಿಯ ಡಬ್ಬಿ ಹೇಗೆ ಬರುತ್ತದೋ, ಗಿರಾಕಿ ಏನು ಕೇಳುತ್ತಾನೋ ಹಾಗೆ ಅವರು ಜೋಡಿಸುತ್ತಾರೆ. ಆದರೆ ಈ ವಿಂಗಡಣೆಯಲ್ಲಿ ವ್ಯಾಪಾರದ ಲೆಕ್ಕವೊಂದಿದೆ ಎಂಬುದನ್ನು ನಾವು ತಿಳಿದಿರಬೇಕು. ಅಕ್ಕನ ಗುಲಾಬಿ ಸೈಕಲ್ಲನ್ನು ತಮ್ಮ ಮುಟ್ಟುವುದಿಲ್ಲವೆಂದಾದರೆ ಅಪ್ಪ ಇನ್ನೊಂದು ಸೈಕಲ್ ಕೊಳ್ಳಲೇಬೇಕು. ಒಂದೇ ಮನೆಯಲ್ಲಿ ಹಂಚಿಕೊಂಡು ಆಡಬಹುದಾದ ಸಾಮಾನನ್ನು ಎರಡೆರಡು ಸಲ ಮಾರಬಹುದು.

ಹಾಗಾದರೆ ಗುಲಾಬಿ ಹೆಣ್ಣಿಗೆ, ನೀಲಿ ಗಂಡಿಗೆ ಎಂದು ದೇವರೇ ವಿಧಿಸಿದ್ದಾರೆಯೇ? 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ಇದಕ್ಕೆ ತದ್ವಿರುದ್ಧವಾಗಿ, ಗುಲಾಬಿ ಗಂಡು ಮಕ್ಕಳಿಗೆ, ನೀಲಿ ಹೆಣ್ಣು ಮಕ್ಕಳಿಗೆ ಒಪ್ಪುತ್ತದೆಂದು ಬರೆದಿತ್ತು. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ದೇವಾಲಯವನ್ನೇ ನೋಡಿರಿ. ಮಾತೆ ಮರಿಯಮ್ಮನವರ ಹೊದಿಕೆಗೆ ಚಿತ್ರಕಾರರು ಶತಮಾನಗಳಿಂದ ಬಳಿಯುತ್ತ ಬಂದಿರುವುದು ನೀಲಿಯನ್ನು. 1858ರಲ್ಲಿ ಲೂರ್ದಿನಲ್ಲಿ ಸಂತ ಬರ್ನದೆತ್ತಳು ಕಂಡ ಮಾತೆಯ ನಡುವಿನಲ್ಲಿದ್ದುದೂ ನೀಲಿ ಪಟ್ಟಿಯೇ. ಆಗಮನ ಕಾಲದ ಮೂರನೆಯ ಭಾನುವಾರ ಹಾಗೂ ತಪಸ್ಸು ಕಾಲದ ನಾಲ್ಕನೆಯ ಭಾನುವಾರ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರವನ್ನು ಧರಿಸಬಹುದು. ಅದು ಆನಂದದ ಸಂಕೇತ. ಬಲಿಪೀಠದ ಮುಂದೆ ನಾಚಿಕೆಯಿಲ್ಲದ ಬಣ್ಣಕ್ಕೆ ಅಂಗಡಿಯಲ್ಲಿ ಮಾತ್ರ ಏಕೆ ನಾಚಿಕೆ?

ಬಣ್ಣದ ಮಾತು ಸಣ್ಣದಿರಬಹುದು. ಅದರ ಹಿಂದಿರುವ ಮಾತು ಸಣ್ಣದಲ್ಲ.

ಹುಡುಗಿಯ ಕೈಗೆ ಕಿಚನ್ ಸೆಟ್ಟನ್ನು ಮಾತ್ರ ಕೊಟ್ಟಾಗ, ಒಲೆ ನಿನ್ನದು ಎಂದು ಹೇಳಿದಂತಾಗುತ್ತದೆ. ಹುಡುಗನಿಗೆ ಅದನ್ನು ಕೊಡದೆಹೋದಾಗ, ಒಲೆ ನಿನ್ನದಲ್ಲ ಎಂದು ಹೇಳಿದಂತಾಗುತ್ತದೆ. ಆ ಪಾಠ ಎಷ್ಟು ಚೆನ್ನಾಗಿ ನಾಟಿದೆಯೆಂದು ತಿಳಿಯಲು ನಮ್ಮ ದೇಶದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಬಹುದು. ಆರು ವರ್ಷ ಮೇಲ್ಪಟ್ಟ ನೂರು ಮಂದಿ ಹೆಣ್ಣುಮಕ್ಕಳಲ್ಲಿ 81 ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ನೂರು ಮಂದಿ ಗಂಡಸರಲ್ಲಿ 26 ಮಂದಿ ಮಾತ್ರ. ಹಾಗೆ ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. ಇದಕ್ಕೆಲ್ಲ ಆಟಿಕೆಯೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಮೊದಲ ಪಾಠ ಮೂರು ವರ್ಷದ ಮಗುವಿನ ಕೈಯಲ್ಲೇ ಶುರುವಾಗುತ್ತದೆ ಎಂಬುದನ್ನು ಯಾವ ತಾಯಿಯೂ ಅಲ್ಲಗಳೆಯಲಾರಳು. ಹೊಲದಿಂದ, ಗಾರ್ಮೆಂಟ್ಸ್‌ನಿಂದ, ಆಫೀಸಿನಿಂದ ದಣಿದು ಬಂದ ಆ ತಾಯಿ ಮತ್ತೆ ಒಬ್ಬಳೇ ಪಾತ್ರೆ ತೊಳೆಯುವಾಗ, ಪಕ್ಕದಲ್ಲಿ ಕುಳಿತು ಟಿ.ವಿ. ನೋಡುವ ಮಗನೂ ಒಂದು ಕಾಲಕ್ಕೆ ಮಗುವಾಗಿದ್ದವನೇ.

ಹೆಣ್ಣು ಮಕ್ಕಳ ಕಡೆಯಿಂದಲೂ ನೋಡೋಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದವರಲ್ಲಿ ಗುಂಜನ್ ಸಕ್ಸೇನಾ ಎಂಬ ಹೆಣ್ಣುಮಗಳೂ ಇದ್ದರು. ನಮ್ಮ ಊರ ಪಕ್ಕದಲ್ಲೇ ಹೆಲಿಕಾಪ್ಟರ್ ತಯಾರಾಗುವ ಕಾಲದಲ್ಲಿ ಆಟದ ಹೆಲಿಕಾಪ್ಟರನ್ನು ಹುಡುಗರ ಗೋಡೆಗೆ ಮಾತ್ರ ತೂಗುಹಾಕಿದರೆ, ಗುಬ್ಬಿಯ ಹುಡುಗಿ ಆ ಕಾರ್ಖಾನೆಯ ಕಾಂಪೌಂಡನ್ನು ಹೊರಗಿನಿಂದ ನೋಡುತ್ತ ಹೋಗುವುದನ್ನಷ್ಟೇ ಕಲಿತಾಳು. ಯಜಮಾನನು ಒಪ್ಪಿಸಿದ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆಲ್ಲ ಗೊತ್ತು (ಮತ್ತಾಯ 25). ಆ ಸೇವಕನು ತನ್ನ ಪಾಲನ್ನು ತಾನೇ ಹೂತಿಟ್ಟ. ನಾವಾದರೋ ನಮ್ಮ ಮಕ್ಕಳ ಪಾಲಿನ ವರವನ್ನು, ಅದು ಏನೆಂದು ಅವರಿಗೆ ತಿಳಿಯುವ ಮೊದಲೇ ಹೂಳುತ್ತಿದ್ದೇವೆ. ಯಜಮಾನನು ಹಿಂತಿರುಗಿ ಬಂದು ಲೆಕ್ಕ ಕೇಳುವುದು ಮಗುವನ್ನಲ್ಲ, ನಮ್ಮನ್ನು.

ಆದರೆ ಪ್ರಿಯರೇ, ಈ ವಿಷಯದಲ್ಲಿ ಹೆಚ್ಚು ಬಿಗಿಯಾದ ಹಗ್ಗ ಹುಡುಗರ ಕೊರಳಿಗೇ ಇದೆ. ಹುಡುಗಿ ಬ್ಯಾಟು ಹಿಡಿದರೆ "ಗಂಡುಬೀರಿ" ಎಂದು ಬೈದು, ಆಮೇಲೆ ಒಳಗೊಳಗೇ ಹೆಮ್ಮೆಪಡುವವರುಂಟು. ಹುಡುಗ ಗೊಂಬೆಯನ್ನು ಎತ್ತಿಕೊಂಡರೆ ಅವನಿಗೆ "ಹೆಣ್ಣಿಗ" ಎಂಬ ಹೆಸರು ಬೀಳುತ್ತದೆ. ಅಲ್ಲಿ ಹೆಮ್ಮೆಪಡುವವರು ಯಾರೂ ಇಲ್ಲ. ಲೆಗೋ ಎಂಬ ಆಟಿಕೆ ಕಂಪನಿ 2021ರಲ್ಲಿ ಏಳು ದೇಶಗಳ ತಂದೆತಾಯಿ ಮಕ್ಕಳನ್ನು ಕೇಳಿಸಿದ ಸಮೀಕ್ಷೆಯಲ್ಲಿ, ಬೇರೆಯವರ ಆಟಿಕೆ ಮುಟ್ಟಿದರೆ ಗೇಲಿ ಮಾಡಿಯಾರು ಎಂದು ಅಂಜಿದ ಹುಡುಗಿಯರು ನೂರಕ್ಕೆ 42. ಹುಡುಗರು ನೂರಕ್ಕೆ 71. ಅದಾದ ಮೇಲೆ ಆ ಕಂಪನಿ ತನ್ನ ಆಟಿಕೆಗಳಿಂದ ಇಂಥ ಭೇದವನ್ನು ತೆಗೆಯುವುದಾಗಿ ಸಾರಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಂತೂ, ಐನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಮಳಿಗೆಗಳು ಗಂಡು ಹೆಣ್ಣೆಂಬ ಫಲಕವಿಲ್ಲದ ಆಟಿಕೆ ವಿಭಾಗವೊಂದನ್ನು ಇಡಲೇಬೇಕೆಂಬ ಕಾನೂನು 2024ರಿಂದ ಜಾರಿಯಲ್ಲಿದೆ. ಅಲ್ಲಿ ಕಾನೂನು ಮಾಡಬೇಕಾಗಿ ಬಂದುದನ್ನು ಇಲ್ಲಿ ನಾವು ಪ್ರೀತಿಯಿಂದಲೇ ಮಾಡಬಹುದು.

ಮುಂದಿನ ಸಲ ದೇವಾಲಯಕ್ಕೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿರಿ. ಅನೇಕ ದೇವಾಲಯಗಳಲ್ಲಿ ಸಂತ ಜೋಸೆಫರ ಸ್ವರೂಪವು ತೋಳಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತಿರುತ್ತದೆ. ಮಂಗಳವಾರ ನಾವು ನೊವೇನ ಸಲ್ಲಿಸುವ ಪಾದುವದ ಸಂತ ಅಂತೋಣಿಯವರ ತೋಳಿನಲ್ಲೂ ಕೂಸು. ಒಬ್ಬರು ಬಡಗಿ, ಇನ್ನೊಬ್ಬರು ಮಹಾಬೋಧಕರು. ಇಬ್ಬರೂ ಗಂಡಸರು; ಇಬ್ಬರ ಕೈಯಲ್ಲೂ ಮಗು. ಆ ಸ್ವರೂಪಗಳ ಮುಂದೆ ಮೊಣಕಾಲೂರಿ ಮೊಂಬತ್ತಿ ಹಚ್ಚುವ ನಾವು, ಮನೆಗೆ ಬಂದು ಮಗನ ಕೈಯಿಂದ ಗೊಂಬೆಯನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಗನ್ನನ್ನು ನಗುನಗುತ್ತ ಕೊಡಿಸುತ್ತೇವೆ. ಕೂಸನ್ನು ಎತ್ತಿಕೊಳ್ಳುವ ಆಟವನ್ನು ಮಾತ್ರ ಬೇಡವೆನ್ನುತ್ತೇವೆ. ನಾಳೆ ಅವನು ತಂದೆಯಾದಾಗ ಅವನ ತೋಳಿಗೆ ಬೇಕಾಗುವುದು ಯಾವುದು?

ನಮ್ಮ ಪ್ರಭುವೂ ಕೆಲಸಗಳಲ್ಲಿ ಗಂಡು ಹೆಣ್ಣೆಂಬ ಗೋಡೆ ಕಟ್ಟಲಿಲ್ಲ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸಿದ್ಧಮಾಡಿ ಶಿಷ್ಯರನ್ನು ಊಟಕ್ಕೆ ಕರೆದವರು ಅವರೇ (ಯೊವಾನ್ನ 21). ಮನೆಯ ಆಳು ಮಾಡುವ ಪಾದ ತೊಳೆಯುವ ಕೆಲಸವನ್ನು, ನಡುವಿಗೆ ಬಟ್ಟೆ ಕಟ್ಟಿಕೊಂಡು ಮಾಡಿದವರೂ ಅವರೇ (ಯೊವಾನ್ನ 13). ದೇವರ ಹುಡುಕಾಟವನ್ನು ವಿವರಿಸುವಾಗ ಕುರಿ ಹುಡುಕುವ ಗಂಡಸಿನ ಪಕ್ಕದಲ್ಲೇ ಮನೆ ಗುಡಿಸಿ ನಾಣ್ಯ ಹುಡುಕುವ ಹೆಂಗಸನ್ನೂ ನಿಲ್ಲಿಸಿದರು (ಲೂಕ 15).

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ದೇವರು ಮಾನವರನ್ನು ಗಂಡಾಗಿಯೂ ಹೆಣ್ಣಾಗಿಯೂ ಸೃಷ್ಟಿಸಿದರಲ್ಲವೇ (ಆದಿಕಾಂಡ 1:27), ಆ ವ್ಯತ್ಯಾಸವನ್ನೇ ಅಳಿಸಬೇಕೆ? ಇಲ್ಲ. ಗಂಡು ಹೆಣ್ಣು ದೇವರ ಸೃಷ್ಟಿ, ಅದು ಪವಿತ್ರ. ಕಾರು ಆ ಗೋಡೆಗೆ, ಸೌಟು ಈ ಗೋಡೆಗೆ ಎಂಬುದು ಮನುಷ್ಯರ ಜೋಡಣೆ, ಅದನ್ನು ಬದಲಾಯಿಸಬಹುದು. ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬ ಪ್ರೇಮವನ್ನು ಕುರಿತು ಬರೆದ 'ಅಮೋರಿಸ್ ಲೆಟೀಸಿಯ' ಎಂಬ ಪತ್ರದ 286ನೆಯ ಪರಿಚ್ಛೇದದಲ್ಲಿ ಇದನ್ನೇ ಬೋಧಿಸಿದ್ದಾರೆ. ಗಂಡನು ಮನೆಗೆಲಸದಲ್ಲೂ ಮಕ್ಕಳ ಪಾಲನೆಯಲ್ಲೂ ಕೈಜೋಡಿಸಿದರೆ ಅವನ ಗಂಡಸುತನಕ್ಕೆ ಕುಂದಿಲ್ಲ. ಅತಿ ಬಿಗಿಯಾದ ಕಟ್ಟಳೆಗಳಿಂದ, ಕಲೆ ನೃತ್ಯಗಳು ಗಂಡಿಗೆ ತಕ್ಕುದಲ್ಲ, ಮುಂದಾಳುತನ ಹೆಣ್ಣಿಗೆ ತಕ್ಕುದಲ್ಲ ಎಂಬ ತಪ್ಪು ಭಾವನೆ ಬೆಳೆಯುತ್ತದೆ ಎಂಬುದು ಆ ಬೋಧನೆಯ ಸಾರ.

ಮನುಷ್ಯರ ಜೋಡಣೆ ಬದಲಾಗುತ್ತದೆ ಎಂಬುದಕ್ಕೆ ಗುಬ್ಬಿಯೇ ಸಾಕ್ಷಿ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಆರಂಭ ಕಾಲದಲ್ಲಿ ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಹೆಣ್ಣು ರಂಗವೇರುವುದು ಲೋಕಕ್ಕೆ ಒಪ್ಪಿಗೆಯಿರಲಿಲ್ಲ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಬಿ. ಜಯಮ್ಮನವರಂಥ ಕಲಾವಿದೆಯರು ಅದೇ ರಂಗದ ಮೇಲೆ ನಿಂತು ನಾಡಿನ ಮೆಚ್ಚುಗೆ ಗಳಿಸಿದರು. ನಮ್ಮ ಹಳೆಯ ಆಟಗಳಲ್ಲೂ ಭೇದವಿತ್ತು, ನಿಜ. ಬುಗುರಿ, ಗೋಲಿ ಹುಡುಗರಿಗೆ, ಕುಂಟೆಬಿಲ್ಲೆ ಹುಡುಗಿಯರಿಗೆ ಎನ್ನುತ್ತಿದ್ದರು. ಆದರೆ ಲಗೋರಿಗೂ ಚೌಕಾಬಾರಕ್ಕೂ ಎಲ್ಲರೂ ಸೇರುತ್ತಿದ್ದರು. ಕುಣಿಗಲ್ಲಿಗೆ ಹೆಚ್ಚು ದೂರವಲ್ಲದ ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ನೋಡಿರಿ. ಆಲೆ ಮರದಲ್ಲಿ ಕಡೆದು ಕೆಂಪು, ಹಳದಿ, ಹಸಿರು ಅರಗು ಹಚ್ಚಿದ ಆ ಗಿಲಕಿ, ಬುಗುರಿ, ಕುದುರೆಗಳ ಮೇಲೆ ಇದು ಗಂಡಿಗೆ, ಇದು ಹೆಣ್ಣಿಗೆ ಎಂದು ಬರೆದಿರುವುದಿಲ್ಲ. ಅಕ್ಕ ಆಡಿದ ಮರದ ಕುದುರೆಯ ಮೇಲೆ ತಮ್ಮನೂ ಕೂರುತ್ತಾನೆ.

ಹಾಗಾದರೆ ನಾವು ಏನು ಮಾಡಬೇಕು? ಗೊಂಬೆ ಕೇಳುವ ಮಗಳಿಗೆ ಗೊಂಬೆ ಕೊಡಬಾರದೆಂದಲ್ಲ, ಕಾರು ಕೇಳುವ ಮಗನ ಕೈಯಿಂದ ಕಾರು ಕಸಿಯಬೇಕೆಂದೂ ಅಲ್ಲ. ಬಾಗಿಲು ಮುಚ್ಚಬೇಡಿ, ಅಷ್ಟೆ.

ತಂದೆತಾಯಂದಿರು ಅಂಗಡಿಯಲ್ಲಿ ಮೊದಲ ಪ್ರಶ್ನೆಗೆ ಬೇರೆ ಉತ್ತರ ಕೊಡಲಿ: "ನಾಲ್ಕು ವರ್ಷದ ಮಗು, ಬಿಚ್ಚಿ ಜೋಡಿಸುವುದೆಂದರೆ ಇಷ್ಟ." ಮಗು ಎರಡೂ ಗೋಡೆಗಳನ್ನು ನೋಡಲಿ, ಮುಟ್ಟಲಿ. ಮನೆಯಲ್ಲಿ ಅಪ್ಪ ಚಪಾತಿ ಲಟ್ಟಿಸುವುದನ್ನೂ ಅಮ್ಮ ಸ್ಕ್ರೂಡ್ರೈವರ್ ಹಿಡಿಯುವುದನ್ನೂ ಮಗು ಕಾಣಲಿ. ಯಾವ ಆಟಿಕೆಯೂ ಅದಕ್ಕಿಂತ ಚೆನ್ನಾಗಿ ಪಾಠ ಹೇಳಲಾರದು. ಅಜ್ಜಿ ತಾತಂದಿರು, ಸೋದರಮಾವಂದಿರು, ಜ್ಞಾನಸ್ನಾನದ ಸಾಕ್ಷಿ ತಂದೆತಾಯಿಗಳು ಉಡುಗೊರೆ ತರುವಾಗ ಒಂದು ಕ್ಷಣ ಯೋಚಿಸಲಿ. ಧರ್ಮಕೇಂದ್ರಗಳಲ್ಲಿ ಕ್ರಿಸ್ಮಸ್ ಉಡುಗೊರೆ, ಧರ್ಮೋಪದೇಶ ತರಗತಿಯ ಬಹುಮಾನ ಹಂಚುವವರು ಗಂಡಿಗೊಂದು ರಾಶಿ, ಹೆಣ್ಣಿಗೊಂದು ರಾಶಿ ಮಾಡುವ ಬದಲು ಒಂದೇ ಮೇಜಿನ ಮೇಲಿಟ್ಟು ಮಕ್ಕಳೇ ಆರಿಸಿಕೊಳ್ಳಲು ಬಿಡಲಿ. ನಮ್ಮಲ್ಲಿ ಅಂಗಡಿ ಇಟ್ಟುಕೊಂಡವರಿದ್ದರೆ ಅವರಿಗೂ ಒಂದು ಬಿನ್ನಹ: ಕಟ್ಟುವ ಆಟಿಕೆ, ಓಡುವ ಆಟಿಕೆ, ಅಡಿಗೆಯ ಆಟಿಕೆ, ಬಣ್ಣ ಹಚ್ಚುವ ಆಟಿಕೆ ಎಂದು ಬಗೆಯ ಪ್ರಕಾರ, ವಯಸ್ಸಿನ ಪ್ರಕಾರ ಜೋಡಿಸಿ ನೋಡಿರಿ. ಅದಕ್ಕೆ ಬಂಡವಾಳ ಬೇಕಿಲ್ಲ, ಒಂದು ಮಧ್ಯಾಹ್ನದ ಕೆಲಸ ಸಾಕು.

ನಜರೇತಿನ ಆ ಪುಟ್ಟ ಮನೆಯಲ್ಲಿ ಬಡಗಿಯ ಉಳಿಯೂ ಇತ್ತು, ರೊಟ್ಟಿಯ ಹಿಟ್ಟೂ ಇತ್ತು. ಹಿಟ್ಟಿನಲ್ಲಿ ಬೆರೆತು ಎಲ್ಲವನ್ನೂ ಉಬ್ಬಿಸುವ ಹುಳಿಯನ್ನು ದೇವರ ಸಾಮ್ರಾಜ್ಯಕ್ಕೆ ಹೋಲಿಸಿದ ಪ್ರಭು (ಲೂಕ 13:21), ಹಿಟ್ಟು ನಾದುವ ಕೈಗಳನ್ನು ಹತ್ತಿರದಿಂದ ಕಂಡಿದ್ದಿರಬೇಕು. ಆ ಪವಿತ್ರ ಕುಟುಂಬವು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ನಮ್ಮ ಗಂಡು ಮಕ್ಕಳ ತೋಳುಗಳು ಮೃದುವಾಗಲಿ, ಹೆಣ್ಣು ಮಕ್ಕಳ ಕೈಗಳು ಧೈರ್ಯ ತಳೆಯಲಿ. ಪ್ರಭು ಕೊಟ್ಟ ವರ ಯಾವುದೂ ಯಾವ ಮಗುವಿನಲ್ಲೂ ಹೂತುಹೋಗದಿರಲಿ. ಆಮೆನ್.